ಹಂಪಿ ಸಂರಕ್ಷಿತ ಪ್ರದೇಶ: ಗಡಿ ಪರಿಷ್ಕರಣೆ

ತುಂಗಭದ್ರೆಯ ಇಕ್ಕೆಲಗಳಲ್ಲಿರುವ ವಿಜಯನಗರದ ಅವಶೇಷಗಳಿಗೆ ಗೊತ್ತುಪಡಿಸಿದ ರಕ್ಷಣಾ ಎಲ್ಲೆಯ ಮರುಪರಿಶೀಲನೆ. ಈ ಪ್ರದೇಶ ಇಂದಿನ ವಿಜಯನಗರ ಮತ್ತು ಕೊಪ್ಪಳ ಜಿಲ್ಲೆಗಳಿಗೆ ಸೇರಿದೆ.

1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದಾಗ ಲಕ್ಷ್ಯವೆಲ್ಲ ಸ್ಮಾರಕಗಳ ಮೇಲಿತ್ತು. ಅವುಗಳ ನಡುವಿನ ಗದ್ದೆ, ಕಾಲುವೆ, ಬಂಡೆಗುಡ್ಡ, ಜನವಸತಿಗಳು ಹಿನ್ನೆಲೆಗೆ ಸರಿದವು. ಆನೆಗೊಂದಿಯ ಬಳಿ ಸೇತುವೆ ಕಟ್ಟಲು ಹೊರಟಾಗ ಈ ಕೊರತೆ ಎದ್ದು ಕಂಡಿತು. 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು, ಹೊರಬಂದದ್ದು 2006ರಲ್ಲಿ. ಈ ನಡುವೆ 2002ರ ವಿಶೇಷ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಅದರ ವ್ಯಾಪ್ತಿ 29 ಗ್ರಾಮಗಳು, ಸುಮಾರು 236 ಚದರ ಕಿ.ಮೀ. 2012ರಲ್ಲಿ ಯುನೆಸ್ಕೊ ಗಡಿ ಮಾರ್ಪಾಡನ್ನು ಒಪ್ಪಿತು. ಈಗ ತಾಣದ ವಿಸ್ತೀರ್ಣ 4,187.24 ಹೆಕ್ಟೇರ್, ಸುತ್ತಲಿನ ಬಫರ್ ವಲಯ 19,453.62 ಹೆಕ್ಟೇರ್.

ನಕ್ಷೆಯ ಗೆರೆ ಊರಿನವರ ಪಾಲಿಗೆ ಬರೀ ಗೆರೆಯಲ್ಲ. ಮನೆಗೆ ಮಾಳಿಗೆ ಏರಿಸಲೂ ಅನುಮತಿ ಬೇಕು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಬದುಕಿರುವ ಪೇಟೆಯೂ ಪರಂಪರೆಯ ಭಾಗವೇ ಎಂಬ ವಾದಕ್ಕೆ ಅಂದು ಬೆಲೆ ಸಿಗಲಿಲ್ಲ. ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ಕುರಿತ ವ್ಯಾಜ್ಯದಲ್ಲೂ ಎಲ್ಲೆಯೇ ಮುಖ್ಯ ಪ್ರಶ್ನೆಯಾಯಿತು: 1988ರ ರಾಜ್ಯ ಅಧಿಸೂಚನೆ ಕಾಪಾಡುವುದು ಅಲ್ಲಿನ ಸ್ಮಾರಕಗಳನ್ನಷ್ಟೇ ಅಥವಾ ಇಡೀ ನಡುಗಡ್ಡೆಯನ್ನೇ? 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪಿತ್ತಿತು. ಮರುತಿಂಗಳೇ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಲಾಯಿತು.