ಚೆನ್ನೆಮಣೆಯಿಂದ ಸ್ಪರ್ಶಪರದೆಯವರೆಗೆ

ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದರೆ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಸರ್, ನಾನ್ಯಾರು ಹೇಳಿ ನೋಡುವಾ?” ವರ್ಷಗಟ್ಟಲೆ ನಿಮಗೆ ಪ್ರಶ್ನೆಪತ್ರಿಕೆ ಹಂಚಿದವನಿಗೆ ಇದು ನ್ಯಾಯವಾದ ಮರುಪಾವತಿಯೇ ಸರಿ. ಆದರೆ ಇತ್ತೀಚೆಗೆ ಉತ್ತರ ತಡವಾಗುತ್ತಿದೆ. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಗಳು ಒಂದು ಟ್ಯಾಬ್ಲೆಟ್ ಕಳುಹಿಸಿದಳು. ಅದರ ತುಂಬ ನೆನಪಿನ ಆಟಗಳು. ದಿನಕ್ಕೆ ಇಪ್ಪತ್ತು ನಿಮಿಷ ಆಡಬೇಕೆಂಬ ಅಪ್ಪಣೆ ಬೇರೆ. ಚರಿತ್ರೆ ಕಲಿಸಿದವನಾದ್ದರಿಂದ ಆಡುವುದಕ್ಕಿಂತ ಮೊದಲು ಈ ಆಟದ ಪೂರ್ವಚರಿತ್ರೆಯೇನು ಎಂಬ ಯೋಚನೆ ಬಂತು.

ನಮ್ಮ ತುಳುನಾಡಿನಲ್ಲಿ ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿದರೆ ಸಾಕು. ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಆಟಿ ತಿಂಗಳ ಬಿಡದ ಮಳೆಯಲ್ಲಿ ಗದ್ದೆಯ ಕೆಲಸ ನಿಂತಾಗ ಹೆಂಗಸರು ಜಗಲಿಯಲ್ಲಿ ಎದುರುಬದುರು ಕೂತು ಆಡುತ್ತಿದ್ದರು. ಯಾವ ಗುಳಿಯಲ್ಲಿ ಎಷ್ಟು ಕಾಯಿ ಉಳಿದಿದೆ, ಇಲ್ಲಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ, ಎದುರಿನವಳು ಏನು ಹೂಡಿದ್ದಾಳೆ, ಇಷ್ಟೂ ಲೆಕ್ಕ ತಲೆಯೊಳಗೇ ನಡೆಯಬೇಕು. ಶಾಲೆಯ ಮುಖ ಕಾಣದ ಅಜ್ಜಿಯಂದಿರು ಬಿ.ಎಡ್. ಮುಗಿಸಿದ ನನ್ನನ್ನು ಈ ಲೆಕ್ಕದಲ್ಲಿ ಎಷ್ಟೋ ಸಲ ಸೋಲಿಸಿದ್ದಾರೆ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆಯನ್ನು ನೀವು ಕೇಳಿರಬಹುದು. ಸಿರಿ ಪಾಡ್ದನದ ಅಬ್ಬಗ–ದಾರಗರ ದುರಂತ ಆರಂಭವಾಗುವುದು ಚೆನ್ನೆಮಣೆಯ ಮುಂದೆಯೇ.

ಆ ಸಿರಿ ಪಾಡ್ದನಕ್ಕೂ ನಮ್ಮ ಉಜಿರೆಗೂ ಒಂದು ನಂಟಿದೆ. 1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ ದಂಪತಿಗಳು ಪ್ರೊ. ಬಿ.ಎ. ವಿವೇಕ ರೈ, ಪ್ರೊ. ಕೆ. ಚಿನ್ನಪ್ಪ ಗೌಡರೊಂದಿಗೆ ಇಲ್ಲಿಯ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಈ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ದಿನಗಟ್ಟಲೆ ಹಾಡಿದ್ದನ್ನು ಅಕ್ಷರಕ್ಕಿಳಿಸಿದಾಗ 15,683 ಸಾಲುಗಳಾದವು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಗ್ರಂಥರೂಪದಲ್ಲಿ ಹೊರಬಂತು. ಅದಕ್ಕೂ ಮುಂಚೆ ಅವರಿಂದಲೇ ಹೇಳಿಸಿ ಕೈಯಲ್ಲಿ ಬರೆದುಕೊಂಡ ಪಾಠ ಇದಕ್ಕಿಂತ ಬಹಳ ಚಿಕ್ಕದು. ಬರೆಯುವವನಿಗಾಗಿ ನಿಂತು ನಿಂತು ಹೇಳುವಾಗ ಕಾವ್ಯ ಕುಗ್ಗಿತು. ಕೇಳುವವರ ಮುಂದೆ ತಡೆಯಿಲ್ಲದೆ ಹಾಡುವಾಗ ಹಿಗ್ಗಿತು. ಇದರಿಂದ ಪಾಡ್ದನ ಹಾಡುವವರಿಗೆ ಮರೆವು ಬಾರದೆಂದು ನಾನು ಹೇಳಹೊರಟಿಲ್ಲ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ, ಅದನ್ನು ಹೊರಗೆಳೆಯುವ ಸಂದರ್ಭವೂ ಬೇಕು ಎಂಬಷ್ಟು ಮಾತ್ರ ಇಲ್ಲಿಂದ ತಿಳಿಯುತ್ತದೆ.

ಇನ್ನು ವೈದ್ಯರ ಕಡೆಯ ಚರಿತ್ರೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ತನ್ನ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡ ಬದಲಾವಣೆಗಳನ್ನು ವಿವರಿಸಿದಾಗ ಸಭೆಯಲ್ಲಿ ಹೆಚ್ಚಿನ ಕುತೂಹಲ ಮೂಡಲಿಲ್ಲ. ನಮ್ಮಲ್ಲಂತೂ ಬಹುಕಾಲ ಅದು ‘ಅರಳು ಮರಳು’ ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 10,000 ಜನರನ್ನು ಗುರಿಯಾಗಿಟ್ಟುಕೊಂಡು ದೀರ್ಘಕಾಲದ ಅಧ್ಯಯನ ಕೈಗೊಂಡಿದ್ದಾರೆ. ಅಲ್ಲಿ ನೆನಪು, ಗಮನಗಳ ಪರೀಕ್ಷೆಗೆ ಕಂಪ್ಯೂಟರನ್ನೂ ಬಳಸುತ್ತಾರೆ.

ಅಳೆಯುವುದು ಒಂದು, ಉಳಿಸುವುದು ಇನ್ನೊಂದು. ಯಂತ್ರದೊಡನೆ ಆಡಿದರೆ ಬುದ್ಧಿ ಉಳಿದೀತೇ? ಅಮೆರಿಕದಲ್ಲಿ 1998ರಿಂದ 65 ದಾಟಿದ 2,832 ಮಂದಿಯ ಮೇಲೆ ‘ಆಕ್ಟಿವ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ನೆನಪಿನ ಅಭ್ಯಾಸ, ಒಂದಕ್ಕೆ ತರ್ಕದ ಅಭ್ಯಾಸ, ಒಂದಕ್ಕೆ ಪರದೆಯ ಮೇಲೆ ಕಂಡದ್ದನ್ನು ಬೇಗ ಗುರುತಿಸುವ ಅಭ್ಯಾಸ, ಇನ್ನೊಂದಕ್ಕೆ ಏನೂ ಇಲ್ಲ. 2002ರಲ್ಲಿ ಕಂಡುಬಂದದ್ದು: ಅಭ್ಯಾಸ ಮಾಡಿದ ವಿಷಯದಲ್ಲಿ ಸುಧಾರಣೆಯಿದೆ, ದಿನನಿತ್ಯದ ಬಾಳಿಗೆ ಅದು ಹರಿದುಬಂದದ್ದು ಕಾಣುವುದಿಲ್ಲ. ಹತ್ತು ವರ್ಷಗಳ ಬಳಿಕ ನೋಡಿದಾಗ ನೆನಪಿನ ಅಭ್ಯಾಸದ ಫಲ ಕರಗಿತ್ತು. ಉಳಿದೆರಡರ ಫಲ ಇನ್ನೂ ಇತ್ತು. ಪರದೆಯ ಅಭ್ಯಾಸ ಮಾಡಿದವರಲ್ಲಿ ಡಿಮೆನ್ಷಿಯಾದ ಸಂಭವ ಶೇ. 29ರಷ್ಟು ಕಡಿಮೆಯಿತ್ತೆಂದು 2017ರ ವಿಶ್ಲೇಷಣೆ ಹೇಳಿತು. ಹಾಗೆಂದು ಜಾಹೀರಾತನ್ನೆಲ್ಲ ನಂಬಬೇಡಿ. ಆಟಗಳಿಂದ ಮರೆವು ದೂರವಾಗುತ್ತದೆಂದು ಆಧಾರವಿಲ್ಲದೆ ಪ್ರಚಾರ ಮಾಡಿದರೆಂಬ ಆರೋಪಕ್ಕಾಗಿ 2016ರಲ್ಲಿ ‘ಲುಮೋಸಿಟಿ’ಯವರು ಅಮೆರಿಕ ಸರಕಾರಕ್ಕೆ 20 ಲಕ್ಷ ಡಾಲರು ತೆರಬೇಕಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಹೈದರಾಬಾದಿನ ಒಂದು ಅಧ್ಯಯನ. ಡಾ. ಸುವರ್ಣ ಅಲ್ಲಾಡಿಯವರ ತಂಡ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ಭಾಷೆ ಆಡುವವರಿಗಿಂತ ಎರಡು ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ತೋರಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಹಾಗೆಯೇ. ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಹೆಚ್ಚುವರಿ ಲಾಭ ಕಾಣಲಿಲ್ಲವಂತೆ. ಇರಲಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಬ್ಯಾರಿ ಕೇಳುತ್ತ ಬೆಳೆದ ಉಜಿರೆಯ ಮಕ್ಕಳಿಗೆ ಎರಡಕ್ಕೇನು ಕೊರತೆ? ತರಗತಿಯಲ್ಲಿ ತುಳು ಮಾತಾಡಿದರೆಂದು ನಿಮ್ಮಲ್ಲಿ ಕೆಲವರಿಗೆ ನಾನು ದಂಡ ವಿಧಿಸಿದ್ದುಂಟು. ಅದು ತಪ್ಪಾಯಿತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ದೊಡ್ಡಮ್ಮನ ಕೊನೆಯ ವರ್ಷಗಳು ಬಂಧುಗಳಿಗೆ ನೆನಪಿರಬಹುದು. ಬಂದವರನ್ನೆಲ್ಲ ಅವರ ಮುಂದೆ ನಿಲ್ಲಿಸಿ “ಇದು ಯಾರು, ಹೇಳಿ” ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಕೇಳಿದರೆ ನೆನಪು ಚುರುಕಾದೀತೆಂಬ ಭ್ರಮೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದರು. ಒಂದು ಆಟಿಯಲ್ಲಿ ಮಕ್ಕಳು ಚೆನ್ನೆಮಣೆ ತೆಗೆದರು. ದೊಡ್ಡಮ್ಮ ಮಾತಿಲ್ಲದೆ ಬಂದು ಕೂತು, ಎಂಟು ವರ್ಷದ ಹುಡುಗಿಯೊಡನೆ ಮೂರು ಆಟ ಆಡಿದರು. ಎರಡರಲ್ಲಿ ಗೆದ್ದರು. ಹುಡುಗಿಯ ಹೆಸರು ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ಆದರೆ ಅವಳ ಕೈ ತಪ್ಪು ಗುಳಿಗೆ ಹೋದಾಗ ಹಿಡಿದು ನಿಲ್ಲಿಸಿ ನಕ್ಕದ್ದನ್ನು ನಾನು ಕಂಡಿದ್ದೇನೆ. ನಾನು ಅಷ್ಟು ಕಾಲ ಅವರಿಗೆ ಪರೀಕ್ಷೆಯನ್ನೇ ಕೊಟ್ಟಿದ್ದೆ, ಆಟ ಕೊಟ್ಟಿರಲಿಲ್ಲ.

ಟ್ಯಾಬ್ಲೆಟ್ ಈಗ ಮೇಜಿನ ಮೇಲಿದೆ, ಧೂಳು ಹಿಡಿದಿಲ್ಲ. ಒಂಟಿಯಾಗಿ ಅಂಕ ಗಳಿಸುವ ಆಟಗಳನ್ನು ಬಿಟ್ಟು, ದೂರದೂರಿನ ಮೊಮ್ಮಗನೊಡನೆ ರಾತ್ರಿ ಅದರಲ್ಲೇ ಚದುರಂಗ ಆಡುತ್ತೇನೆ. ಅವನು ನಡೆ ಇಡುವಾಗ ಶಾಲೆಯ ಸುದ್ದಿ ಹೇಳುತ್ತಾನೆ, ನಾನು ಸೋಲುತ್ತೇನೆ. ಕಿವಿ ಮಂದವಾಗುವುದೂ ಮರೆವಿನ ಅಪಾಯಗಳಲ್ಲೊಂದೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿಯಲ್ಲಿ ಓದಿದ ಮೇಲೆ ಶ್ರವಣಯಂತ್ರದ ಬಗೆಗಿನ ನಾಚಿಕೆಯನ್ನೂ ಬಿಟ್ಟಿದ್ದೇನೆ. ನಿಮ್ಮ ಮನೆಯ ಹಿರಿಯರಿಗೆ ಯಂತ್ರ ಕೊಡಿಸುವುದಾದರೆ ಮೊದಲು ಅದನ್ನು ಕೊಡಿಸಿ.

ಇನ್ನು ಮುಂದೆ ದೂರವಾಣಿ ಮಾಡಿದಾಗ ಹೆಸರು, ಊರು, ಓದಿದ ವರ್ಷ ನೀವೇ ಮೊದಲು ಹೇಳಿಬಿಡಿ. ಉಳಿದದ್ದನ್ನು, ಯಾವ ಬೆಂಚಿನಲ್ಲಿ ಕೂತಿದ್ದಿರಿ, ಯಾಕೆ ಪೆಟ್ಟು ತಿಂದಿರಿ ಎಂಬುದನ್ನು, ಬಹುಶಃ ನಾನೇ ಹೇಳಿಯೇನು.