ಲಂಡನ್–ಬೆಂಗಳೂರು: ವಾಯುಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಲಂಡನ್‌ನಿಂದ ಬಂದು ಬೆಂಗಳೂರಿನ ಸರ್ಕಾರಿ ಕಚೇರಿಗಳಲ್ಲಿ ಖುದ್ದಾಗಿ ಹಾಜರಾಗಬೇಕಾದ ಅರ್ಜಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ದೂರ: ಉಭಯ ನಗರಗಳ ನಡುವಿನ ನೇರ ವಾಯುಮಾರ್ಗದ ದೂರ ಸುಮಾರು 8,000 ಕಿ.ಮೀ.

ಅವಧಿ: ತಡೆರಹಿತ ವಿಮಾನದಲ್ಲಿ ಬೆಂಗಳೂರಿಗೆ ಬರಲು ಸುಮಾರು 10 ಗಂಟೆ ಬೇಕಾಗುತ್ತದೆ. ಎತ್ತರದಲ್ಲಿ ಗಾಳಿಯು ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್‌ಗೆ ಹಿಂದಿರುಗುವ ಪ್ರಯಾಣವು ಸಾಮಾನ್ಯವಾಗಿ ಇನ್ನೂ ದೀರ್ಘವಾಗಿರುತ್ತದೆ.

ಕಾಲಮಾನ: ಭಾರತೀಯ ಕಾಲಮಾನವು ಲಂಡನ್‌ಗಿಂತ 5 ಗಂಟೆ 30 ನಿಮಿಷ ಮುಂದಿದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದವರೆಗೆ ಈ ಅಂತರ 4 ಗಂಟೆ 30 ನಿಮಿಷ. ಟಿಕೆಟ್‌ನಲ್ಲಿ ಆಯಾ ನಗರದ ಸ್ಥಳೀಯ ವೇಳೆಯನ್ನು ನಮೂದಿಸಲಾಗಿರುತ್ತದೆ.

ಉದಾಹರಣೆ: ಜನವರಿಯಲ್ಲಿ ಸೋಮವಾರ ಮಧ್ಯಾಹ್ನ 2.00ಕ್ಕೆ ಲಂಡನ್ ಬಿಟ್ಟು 10 ಗಂಟೆ ಹಾರಿದ ವಿಮಾನವು ಮಂಗಳವಾರ ಬೆಳಿಗ್ಗೆ 5.30ಕ್ಕೆ ಬೆಂಗಳೂರು ತಲುಪುತ್ತದೆ.

ಅರ್ಜಿದಾರರ ಗಮನಕ್ಕೆ: ವಲಸೆ ಹಾಗೂ ಸುಂಕ ತಪಾಸಣೆಯ ನಂತರ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ನಗರಕ್ಕೆ ಸುಮಾರು 35 ಕಿ.ಮೀ. ರಸ್ತೆ ಪ್ರಯಾಣವಿರುತ್ತದೆ. ಚಳಿಗಾಲದ ಮುಂಜಾನೆ ಮಂಜಿನಿಂದ ವಿಮಾನಗಳು ವಿಳಂಬವಾಗುವುದುಂಟು. ಆದುದರಿಂದ ಹಾಜರಾತಿಯ ದಿನಾಂಕವನ್ನು ಲಂಡನ್‌ನಿಂದ ಹೊರಡುವ ದಿನದಿಂದಲ್ಲದೆ ಬೆಂಗಳೂರು ತಲುಪುವ ದಿನದಿಂದ ಲೆಕ್ಕ ಹಾಕಿ, ಕನಿಷ್ಠ ಒಂದು ದಿನದ ಬಿಡುವಿರಿಸಿಕೊಂಡು ಕಾಯ್ದಿರಿಸುವುದು ಸೂಕ್ತ.