ಯಾರೂ ನೋಡದಾಗ ಬರೆದಿಟ್ಟ ಮಳೆ: ಡೇಟಾ ಲಾಗರ್‌ನ ಮುನ್ನೂರೈವತ್ತು ವರ್ಷ

ಇವತ್ತಿನ ಮಾತು ಡೇಟಾ ಲಾಗರ್ ಬಗ್ಗೆ. ಸರ್ವರ್ ಲಾಗ್ ಅಲ್ಲ, ಅದನ್ನ ನೀವು ದಿನಾ ನೋಡ್ತಾನೇ ಇರ್ತೀರಿ. ಮಳೆ, ಗಾಳಿ, ಉಷ್ಣತೆ, ತೇವಾಂಶ ಇವುಗಳನ್ನ ಯಾರೂ ಹತ್ತಿರ ಇಲ್ಲದಾಗಲೂ ತನ್ನಷ್ಟಕ್ಕೆ ಅಳೆದು, ಗಂಟೆ-ನಿಮಿಷದ ಸಮೇತ ಬರೆದಿಡುತ್ತಲ್ಲ, ಅಂಗೈಯಗಲದ ಪೆಟ್ಟಿಗೆ, ಅದರ ಕಥೆ.

ಇದು ನಮಗ್ಯಾಕೆ ಅಂತ ಕೇಳಬಹುದು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮ ಇನ್ನೂ ಶಿರಸಿ, ಸಾಗರ, ಪುತ್ತೂರು ಕಡೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅವರು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಕೊಳೆರೋಗ ಎಷ್ಟಿದೆ ಅಂತ ನೋಡಿ ಪರಿಹಾರ ಕೊಡಲ್ಲ. ಆ ಪಂಚಾಯಿತಿಯ ಮಳೆಮಾಪಕ ಏನು ಬರೆದಿದೆಯೋ ಅದರ ಮೇಲೆ ಲೆಕ್ಕ. ಅಂದ್ರೆ ಒಂದು ಪೆಟ್ಟಿಗೆ ಬರೆದದ್ದು ಒಂದು ಮನೆಯ ವರ್ಷದ ದುಡ್ಡು. ಹಾಗಾಗಿ ಆ ಪೆಟ್ಟಿಗೆ ಎಲ್ಲಿಂದ ಬಂತು, ಅದನ್ನ ನಂಬೋದು ಯಾವಾಗ, ನಂಬದೇ ಇರೋದು ಯಾವಾಗ ಅನ್ನೋದು ನಮಗೆ ಬೇಕಾದ ವಿಷಯವೇ.

ಕಾಗದಕ್ಕೆ ತೂತು ಹೊಡೆದ ಗಡಿಯಾರ

ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿದ ಕ್ರಿಸ್ಟೋಫರ್ ರೆನ್ ವಾಸ್ತುಶಿಲ್ಪಿ ಮಾತ್ರ ಅಲ್ಲ. 1660ರ ದಶಕದಲ್ಲಿ ಆತ, ಹವಾಮಾನವನ್ನ ತಾನೇ ಬರೆದುಕೊಳ್ಳುವ ಗಡಿಯಾರವೊಂದನ್ನ ಕಲ್ಪಿಸಿದ. ಅದನ್ನ ಮುಂದುವರಿಸಿ 1670ರ ದಶಕದ ಕೊನೆಗೆ ನಿಜವಾಗಿ ಕಟ್ಟಿ ತೋರಿಸಿದವನು ರಾಬರ್ಟ್ ಹುಕ್. ಗಡಿಯಾರದ ಶಕ್ತಿಯಿಂದ ಒಂದು ಕಾಗದ ಸುತ್ತುತ್ತಾ ಹೋಗುತ್ತೆ, ಕಾಲು ಗಂಟೆಗೊಮ್ಮೆ ಚಿಕ್ಕ ಸುತ್ತಿಗೆಗಳು ಅದರ ಮೇಲೆ ತೂತು ಹೊಡೆಯುತ್ತವೆ. ತೂತು ಎಲ್ಲಿ ಬಿತ್ತು ಅನ್ನೋದರಿಂದ ಗಾಳಿ ಎಷ್ಟು, ಉಷ್ಣತೆ ಎಷ್ಟು, ಮಳೆ ಎಷ್ಟು ಅಂತ ಓದಬಹುದು. ಪಂಚ್ ಕಾರ್ಡ್ ಕಾಲದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ.

ಅದರಲ್ಲಿ ಮಳೆ ಅಳೆಯೋಕೆ ಇದ್ದದ್ದು ತುಂಬಿದಾಗ ಮಗುಚಿಕೊಳ್ಳುವ ಚಿಕ್ಕ ಬಟ್ಟಲು. ಇವತ್ತಿನ ಟಿಪ್ಪಿಂಗ್ ಬಕೆಟ್ ಮಳೆಮಾಪಕದ ಒಳಗೂ ಅದೇ ತತ್ವ: ಎರಡು ಪುಟ್ಟ ಬಟ್ಟಲು ಏತದ ಹಾಗೆ ಕೂತಿರುತ್ತವೆ, ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತೆ. ಪ್ರತಿ ಮಗುಚಿಗೂ ಅಯಸ್ಕಾಂತವೊಂದು ಸ್ವಿಚ್ ಒತ್ತುತ್ತೆ, ಲಾಗರ್ ಒಂದು ಎಣಿಕೆ ಹಾಕುತ್ತೆ. ಹಲವು ಮಾಪಕಗಳಲ್ಲಿ ಒಂದು ಮಗುಚು ಅಂದ್ರೆ 0.2 ಮಿ.ಮೀ. ಮಳೆ. ಮುನ್ನೂರೈವತ್ತು ವರ್ಷದಲ್ಲಿ ತೂತು ಹೋಗಿ ಮೆಮೊರಿ ಚಿಪ್ ಬಂದಿದೆ, ಬಟ್ಟಲು ಹಾಗೇ ಉಳಿದಿದೆ.

ಕಾಗದದ ಅಂಚು ದಾಟಿದ ಬೆಳಕು

ಈಗ ಮುಂಬೈಗೆ ಬರೋಣ. ಕೊಲಾಬಾದಲ್ಲಿ ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ವೀಕ್ಷಣಾಲಯ ಕಟ್ಟಿಸಿತು. 1841ರಿಂದ ಅಲ್ಲಿ ಭೂಮಿಯ ಕಾಂತಕ್ಷೇತ್ರವನ್ನ ಅಳೆಯೋ ಕೆಲಸ ಶುರುವಾಯ್ತು. ಜನ ಸರದಿ ಮೇಲೆ ಕೂತು, ದೂರದರ್ಶಕದಲ್ಲಿ ಕಣ್ಣಿಟ್ಟು, ಗಂಟೆಗಂಟೆಗೂ ಅಂಕಿ ಬರೆಯಬೇಕು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಕೆಲಸ ಸ್ವಯಂಚಾಲಿತ ಆಗಿತ್ತು. 1840ರ ದಶಕದಲ್ಲಿ ಕ್ಯೂ ವೀಕ್ಷಣಾಲಯದಲ್ಲಿ ಫ್ರಾನ್ಸಿಸ್ ರೊನಾಲ್ಡ್ಸ್, ಗ್ರೀನಿಚ್‌ನಲ್ಲಿ ಚಾರ್ಲ್ಸ್ ಬ್ರೂಕ್ ಫೋಟೊ ಕಾಗದದ ಮೇಲೆ ದಾಖಲಿಸುವ ವಿಧಾನ ತಂದರು. ಕಾಂತಕ್ಕೆ ಕನ್ನಡಿ ಅಂಟಿಸಿ, ಅದರ ಮೇಲೆ ದೀಪದ ಬೆಳಕು ಬಿಡೋದು. ಕಾಂತ ಅಲುಗಿದಂತೆ ಬೆಳಕಿನ ಚುಕ್ಕೆ ಗಡಿಯಾರದಿಂದ ಸುತ್ತುವ ಕಾಗದದ ಮೇಲೆ ಗೆರೆ ಎಳೆಯುತ್ತೆ. ಎಷ್ಟು ಚೆಂದ ಅಲ್ವಾ? ಯಾರೂ ರಾತ್ರಿ ನಿದ್ದೆಗೆಡಬೇಕಿಲ್ಲ.

1859ರ ಸೆಪ್ಟೆಂಬರ್ ಮೊದಲ ವಾರ ಸೂರ್ಯನಿಂದ ಭಾರೀ ಕಾಂತ ಬಿರುಗಾಳಿ ಬಂತು. ಇದನ್ನ ಕ್ಯಾರಿಂಗ್ಟನ್ ಘಟನೆ ಅಂತ ಕರೀತಾರೆ. ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಆಗ ಕ್ಯೂ, ಗ್ರೀನಿಚ್‌ಗಳ ಬೆಳಕಿನ ಚುಕ್ಕೆ ಕಾಗದದ ಅಂಚು ದಾಟಿ ಆಚೆ ಹೋಯ್ತು. ಯಂತ್ರ ಕೆಟ್ಟಿರಲಿಲ್ಲ, ಬೆಳಕು ಬೀಳೋಕೆ ಕಾಗದವೇ ಇರಲಿಲ್ಲ, ಅಷ್ಟೇ. ಬಿರುಗಾಳಿ ಎಷ್ಟು ದೊಡ್ಡದು ಅನ್ನೋ ಅಂಕಿ ಬೇಕಾದ ಗಳಿಗೆಯಲ್ಲೇ ಗೆರೆ ಮಾಯ.

ಕೊಲಾಬಾದಲ್ಲಿ ಕೂತವರು ಮಾತ್ರ ಅಂಕಿ ಓಲಾಡ್ತಾ ಇದೆ ಅಂತ ಕಂಡ ಕೂಡಲೇ ಗಂಟೆಗೊಮ್ಮೆ ಓದೋದನ್ನ ಬಿಟ್ಟು ಪದೇ ಪದೇ ಓದೋಕೆ ಶುರು ಮಾಡಿದರು. ಅವರ ಪುಸ್ತಕದಲ್ಲಿ ಕಾಂತಕ್ಷೇತ್ರದ ಸಮತಲ ಬಲ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದು ದಾಖಲಾಗಿದೆ. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಬರೆದ ಲೇಖನ ಆ ಹಳೆಯ ಪುಟಗಳನ್ನ ಜಗತ್ತಿನ ಮುಂದಿಟ್ಟಿತು. ಇವತ್ತು ಉಪಗ್ರಹ, ವಿದ್ಯುತ್ ಗ್ರಿಡ್‌ಗಳಿಗೆ ಅತಿ ಕೆಟ್ಟ ಸಂದರ್ಭ ಹೇಗಿರಬಹುದು ಅಂತ ಅಂದಾಜು ಮಾಡುವವರು ಕೊಲಾಬಾದ ಆ ಸಾಲುಗಳನ್ನ ನೋಡ್ತಾರೆ.

ಲಾಗರ್ ಕೊಳ್ಳುವಾಗ ಎರಡು ಅಂಕಿ ಕೇಳಬೇಕು ಅನ್ನೋದು ಇದಕ್ಕೇ. ಅಳತೆಯ ವ್ಯಾಪ್ತಿ ಎಷ್ಟು? ಎಷ್ಟು ಹೊತ್ತಿಗೊಮ್ಮೆ ಬರೆಯುತ್ತೆ? ಲೆಕ್ಕ ಸುಲಭ. 32,000 ಅಂಕಿ ಹಿಡಿಯುವ ಲಾಗರ್‌ನಲ್ಲಿ 15 ನಿಮಿಷಕ್ಕೊಮ್ಮೆ ಬರೆದರೆ ದಿನಕ್ಕೆ 96, ಮೆಮೊರಿ 333 ದಿನ ಸಾಕಾಗುತ್ತೆ. ನಿಮಿಷಕ್ಕೊಮ್ಮೆ ಬರೆದರೆ 22 ದಿನಕ್ಕೆ ತುಂಬಿತು. ತುಂಬಿದ ಮೇಲೆ ಹಳೆಯದನ್ನ ಅಳಿಸುತ್ತೋ, ಬರೆಯೋದನ್ನೇ ನಿಲ್ಲಿಸುತ್ತೋ, ಅದನ್ನೂ ಮೊದಲೇ ನೋಡಿಕೊಳ್ಳಿ.

ಟ್ರಾಮ್ ಬಂತು, ಕಾಂತ ಅಲಿಬಾಗಿಗೆ ಹೋಯ್ತು

1900ರ ನಂತರ ಮುಂಬೈಯಲ್ಲಿ ಕುದುರೆ ಟ್ರಾಮ್ ಬದಲು ವಿದ್ಯುತ್ ಟ್ರಾಮ್ ತರುವ ಯೋಜನೆ ಬಂತು. ಹಳಿಯಲ್ಲಿ ವಿದ್ಯುತ್ ಹರಿದರೆ ಕೊಲಾಬಾದ ಸೂಕ್ಷ್ಮ ಉಪಕರಣ ಭೂಮಿಯನ್ನ ಅಳೆಯಲ್ಲ, ಟ್ರಾಮನ್ನ ಅಳೆಯುತ್ತೆ. ಆಗ ಅಲ್ಲಿನ ನಿರ್ದೇಶಕರಾಗಿದ್ದವರು ನಾನಾಭಾಯಿ ಮೂಸ್, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ. ಅವರು ಸಮುದ್ರದಾಚೆ ಅಲಿಬಾಗಿನಲ್ಲಿ ಹೊಸ ಕಟ್ಟಡ ಕಟ್ಟಿಸಿದರು. ಕಾಂತಕ್ಕೆ ತಾಗುವ ಯಾವ ಲೋಹವನ್ನೂ ಅದರ ಗೋಡೆಗಳಲ್ಲಿ ಬಳಸಲಿಲ್ಲ.

ನನಗೆ ಅತಿ ಮುಖ್ಯ ಅನ್ನಿಸೋದು ಮುಂದಿನ ಹೆಜ್ಜೆ. ಅಲಿಬಾಗ್ ಶುರುವಾದ ದಿನವೇ ಕೊಲಾಬಾ ಮುಚ್ಚಲಿಲ್ಲ. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಎರಡು ಜಾಗದ ನಡುವಿನ ವ್ಯತ್ಯಾಸ ತಿಳಿದ ಮೇಲೆಯೇ ಹಳೆಯದನ್ನ ನಿಲ್ಲಿಸಿದರು. ಆ ಎರಡು ವರ್ಷದಿಂದಾಗಿ 1841ರಿಂದ ಇವತ್ತಿನವರೆಗಿನ ಸರಣಿ ಒಂದೇ ದಾರವಾಗಿ ಉಳಿದಿದೆ. ಹೊಸ ಸಿಸ್ಟಮ್ ಬಂದಾಗ ಹಳೆಯದನ್ನೂ ಸ್ವಲ್ಪ ದಿನ ಜೊತೆಗೇ ಓಡಿಸ್ತೀವಲ್ಲ, ಅದೇ ಬುದ್ಧಿ. ಸೆನ್ಸರ್ ಬದಲಿಸುವಾಗ, ಜಾಗ ಬದಲಿಸುವಾಗ ಇದನ್ನ ಮರೆಯಬಾರದು.

ಯಾವ ಗಂಟೆ, ಯಾವ ದಿನ?

1906ರ ಜನವರಿ 1ರಂದು ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂತು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅದಕ್ಕೂ ಮೊದಲು ಮುಂಬೈ ಗಡಿಯಾರ 4 ಗಂಟೆ 51 ನಿಮಿಷ ಮುಂದೆ, ಮದ್ರಾಸ್ ಗಡಿಯಾರ 5 ಗಂಟೆ 21 ನಿಮಿಷ ಮುಂದೆ. ಹಳೆಯ ದಾಖಲೆ ಕೈಗೆತ್ತಿಕೊಂಡವರು ಮೊದಲು ಕೇಳಬೇಕಾದ್ದು ಇದು ಯಾರ ಗಂಟೆ ಅಂತ.

ಇದು ಹಳೆಯ ತಾಪತ್ರಯ ಅಂತ ಬಿಡೋ ಹಾಗಿಲ್ಲ. ನಮ್ಮ ಹವಾಮಾನ ಇಲಾಖೆ ಮಳೆಯ ದಿನವನ್ನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ಕ್ಕೆ ಲೆಕ್ಕ ಹಾಕುತ್ತೆ. ನಿಮ್ಮ ಟೆರೇಸಿನ ಲಾಗರ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿದರೆ ಎರಡೂ ಹೊಂದಲ್ಲ, ಆಮೇಲೆ ಇಲಾಖೆ ಸುಳ್ಳು ಹೇಳ್ತಿದೆ ಅಂತ ವಾಟ್ಸಾಪ್‌ನಲ್ಲಿ ಜಗಳ. ಲಾಗರ್ ಇಡುವಾಗ ಯುಟಿಸಿಯೋ ಭಾರತೀಯ ಕಾಲವೋ ಅಂತ ತೀರ್ಮಾನಿಸಿ, ಫೈಲಿನ ಹೆಸರಲ್ಲೇ ಬರೆದಿಡಿ.

ಸಿಮ್ಲಾ ಆಫೀಸಿನ ಕಾರ್ಖಾನೆ

ಪುಣೆಯವರಿಗೆ ಶಿವಾಜಿನಗರದ ಸಿಮ್ಲಾ ಆಫೀಸ್ ಗೊತ್ತು. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಅಲ್ಲಿಗೆ ಬಂತು, ಹೆಸರು ಜೊತೆಗೇ ಬಂತು. 1948ರಲ್ಲಿ ಅದೇ ಪುಣೆಗೆ ಅಣ್ಣಾ ಮಣಿ ಕೆಲಸಕ್ಕೆ ಸೇರಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಹತ್ತಿರ ವಜ್ರಗಳ ಮೇಲೆ ಸಂಶೋಧನೆ ಮಾಡಿದ್ದವರು, ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದಿದ್ದರು. ಆಗ ದೇಶಕ್ಕೆ ಸಾಮಾನ್ಯ ಉಪಕರಣಗಳೂ ವಿದೇಶದಿಂದ ಬರಬೇಕಿತ್ತು. ಅಣ್ಣಾ ಮಣಿ ಮತ್ತು ಜೊತೆಗಾರರು ಸುಮಾರು 100 ಉಪಕರಣಗಳ ನಕ್ಷೆಗಳನ್ನ ಪ್ರಮಾಣೀಕರಿಸಿ, ಇಲ್ಲೇ ತಯಾರಿಸುವ ಹಾಗೆ ಮಾಡಿದರು.

ತಪ್ಪು ಅಳತೆಗಿಂತ ಅಳತೆ ಇಲ್ಲದಿರೋದೇ ಮೇಲು ಅನ್ನೋದು ಅವರ ನಿಲುವು. ಒಂದು ಮಾಪಕವನ್ನ ಇನ್ನೊಂದರ ಜೊತೆ ಹೋಲಿಸಿ ಸರಿಪಡಿಸೋದು ಅವರಿಗೆ ಕೆಲಸದ ಮೊದಲ ಭಾಗ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಚಿಕ್ಕ ಕಾರ್ಖಾನೆಯನ್ನೂ ನಡೆಸಿದರು. ದೇಶದಲ್ಲಿ ಗಾಳಿ ಎಲ್ಲೆಲ್ಲಿ ಎಷ್ಟು ಅಂತ ಅಳೆದ ಅವರ ಕೆಲಸ, ಮುಂದೆ ಗಾಳಿಯಂತ್ರ ನೆಡುವವರಿಗೆ ತಳಹದಿಯಾಯ್ತು.

944 ಮತ್ತು 73

2005ರ ಜುಲೈ 26. ಮುಂಬೈಯಲ್ಲಿ ಆಗ ಇದ್ದವರಿಗೆ ವಿವರ ಬೇಡ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಒಂದೇ ನಗರ, ಒಂದೇ ದಿನ. ಕೊಲಾಬಾದ ಅಂಕಿ ತಪ್ಪಲ್ಲ, ಸಾಂತಾಕ್ರೂಜ್‌ನದ್ದೂ ತಪ್ಪಲ್ಲ. ನಡುವೆ ಎಲ್ಲೆಲ್ಲಿ ಎಷ್ಟು ಬೀಳ್ತಿದೆ ಅಂತ ಆ ಗಳಿಗೆಯಲ್ಲಿ ನಗರಕ್ಕೆ ಹೇಳುವ ಮಾಪಕಗಳ ಜಾಲ ಇರಲಿಲ್ಲ. ನೂರಾರು ಜನ ಸತ್ತರು. ನಂತರ ಮುಂಬೈ ಪಾಲಿಕೆ ಅಗ್ನಿಶಾಮಕ ಠಾಣೆಗಳಂಥ ಕಟ್ಟಡಗಳ ಮೇಲೆ ಸ್ವಯಂಚಾಲಿತ ಮಳೆಮಾಪಕ ಇಟ್ಟು, 15 ನಿಮಿಷಕ್ಕೊಮ್ಮೆ ಅಂಕಿ ಬರುವಂತೆ ಮಾಡಿತು.

ಕರ್ನಾಟಕ ಇದನ್ನ ಇನ್ನೂ ವಿಸ್ತಾರವಾಗಿ ಮಾಡಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು. ಇವತ್ತು ಗ್ರಾಮ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಮಳೆಮಾಪಕಗಳು ಅದರ ಜಾಲದಲ್ಲಿವೆ. ಸೌರಫಲಕ, ಬ್ಯಾಟರಿ, ಒಂದು ಸಿಮ್. ಇಲ್ಲೂ ಹದಿನೈದು ನಿಮಿಷ. ಹುಕ್‌ನ ಸುತ್ತಿಗೆ ಬಡಿಯುತ್ತಿದ್ದದ್ದೂ ಕಾಲು ಗಂಟೆಗೊಮ್ಮೆ ಅನ್ನೋದು ನೆನಪಿರಲಿ.

ಸೊನ್ನೆಯೋ, ಖಾಲಿಯೋ?

ಈಗ ಅಡಿಕೆ ತೋಟಕ್ಕೆ ಬನ್ನಿ. ಮಳೆಮಾಪಕದ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡ್ರೆ, ಒಳಗೆ ಇರುವೆ ಗೂಡು ಕಟ್ಟಿದ್ರೆ, ಪಕ್ಕದ ಮರ ಬೆಳೆದು ಮೇಲೆ ಚಾಚಿದ್ರೆ, ಲಾಗರ್ ಏನು ಬರೆಯುತ್ತೆ? ಸೊನ್ನೆ. ಮಳೆ ಬರದಿದ್ದರೂ ಸೊನ್ನೆ, ಮಳೆ ಸುರಿದು ಬಟ್ಟಲಿಗೆ ನೀರು ಇಳಿಯದಿದ್ದರೂ ಸೊನ್ನೆ. ಸೊನ್ನೆಯೇ ಬೇರೆ, ನಲ್ ಬೇರೆ ಅನ್ನೋದನ್ನ ನಿಮಗೆ ಹೇಳಿಕೊಡಬೇಕಿಲ್ಲ. ಬಿರುಸು ಮಳೆಯಲ್ಲೂ ತೊಂದರೆ ಇದೆ. ಬಟ್ಟಲು ಮಗುಚುವ ಅರೆಗಳಿಗೆಯಲ್ಲಿ ಸುರಿದ ನೀರು ಲೆಕ್ಕಕ್ಕೆ ಸಿಗಲ್ಲ, ಆದ್ದರಿಂದ ಜೋರು ಮಳೆಯನ್ನ ಈ ಮಾಪಕ ಕಡಿಮೆ ತೋರಿಸುತ್ತೆ. ತುಂಬಾ ಮಳೆಯಾಯ್ತು ಅಂತ ಪರಿಹಾರ ಕೇಳುವ ರೈತನಿಗೆ ಎರಡೂ ನಷ್ಟವೇ.

ಮಾಡಬಹುದಾದ್ದು ಏನು? ಊರಿಗೆ ಹೋದಾಗ ಒಂದು ಸಾದಾ ಕೈಮಾಪಕ ಇಟ್ಟು ಬನ್ನಿ, ಕೊಳವೆಯಲ್ಲಿ ಗೆರೆ ಹಾಕಿದ್ದು. ಬಯಲಲ್ಲಿ, ಮರ-ಗೋಡೆಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಮಟ್ಟಸವಾಗಿ ಇರಲಿ. ಅಪ್ಪ ಬೆಳಗ್ಗೆ 8.30ಕ್ಕೆ ಓದಿ ಕ್ಯಾಲೆಂಡರ್ ಮೇಲೆ ಬರೆಯಲಿ, ಬಹಳ ಮನೆಗಳಲ್ಲಿ ಈಗಾಗಲೇ ಬರೀತಾರೆ ಕೂಡ. ಜೊತೆಗೆ ಲಾಗರ್ ಇಡೋದಾದರೆ ಗಡಿಯಾರ ಸರಿಮಾಡಿ, ಮಳೆಗಾಲಕ್ಕೆ ಮುಂಚೆ ಅಳೆದ ನೀರನ್ನ ನಿಧಾನವಾಗಿ ಸುರಿದು ಎಣಿಕೆ ಸರಿಯಿದೆಯಾ ನೋಡಿ. ವಿಮೆಯ ಲೆಕ್ಕಕ್ಕೆ ನಿಮ್ಮ ಅಂಕಿಯನ್ನ ಅವರು ತಗೊಳ್ಳಲ್ಲ, ನಿಜ. ಆದರೆ ಪಂಚಾಯಿತಿ ಮಾಪಕ ಸೊನ್ನೆ ತೋರಿಸಿದ ವಾರ ನಾಲ್ಕು ತೋಟಗಳ ಕ್ಯಾಲೆಂಡರ್ 80, 90 ಅಂತ ಹೇಳಿದರೆ, ಮಾಪಕವನ್ನ ಬಂದು ನೋಡಿ ಅಂತ ಕೇಳೋಕೆ ಕೈಯಲ್ಲಿ ದಾಖಲೆ ಇರುತ್ತೆ. ಈ ಮಳೆಗಾಲದ ಮುಂಚೆ ಮನೆಗೆ ಒಂದು ಫೋನ್ ಮಾಡಿ, ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಅದರ ಮೇಲೆ ಯಾವ ಮರ ಬಾಗಿದೆ ಅಂತ ಕೇಳಿ.